ಸತ್ಯವೇದ ಒಂದೇ ಸಾಕು ಎನ್ನುವವರಿಗೆ ಇನ್ನೊಂದು ಪುಸ್ತಕ ಯಾಕೆ?

ಪ್ರಶ್ನೆ: ಲೂಥರನ್ ಸಭೆಯವರು "ನಮಗೆ ಸತ್ಯವೇದ ಒಂದೇ ಆಧಾರ" ಎನ್ನುತ್ತಾರೆ. ಆದರೆ ಅವರ ಸಭಾಪಾಲಕರು ಅಭಿಷೇಕದ ದಿನ 16ನೇ ಶತಮಾನದ ಕೆಲವು ಬರಹಗಳಿಗೂ ನಿಷ್ಠರಾಗಿರುತ್ತೇವೆ ಎಂದು ಮಾತು ಕೊಡುತ್ತಾರೆ. ಮನುಷ್ಯರು ಬರೆದದ್ದಕ್ಕೆ ಅಷ್ಟು ಬೆಲೆ ಯಾಕೆ? ಅದಿರಲಿ, ಸತ್ಯವೇದವನ್ನಾದರೂ ಯಾವ ಧೈರ್ಯದ ಮೇಲೆ ನಂಬುತ್ತಾರೆ? ಒಂದಕ್ಕೆ ಇನ್ನೊಂದು ಸಾಕ್ಷಿ ಅನ್ನೋದು ಸುತ್ತಿ ಸುತ್ತಿ ಅಲ್ಲೇ ಬರುವ ವಾದ ಅಲ್ವಾ?

ಉತ್ತರ: ಸಭೆಯ ಇತಿಹಾಸ ಪಾಠ ಮಾಡುವ ನನಗೆ ಈ ಪ್ರಶ್ನೆ ಹೊಸದಲ್ಲ. ಪ್ರತಿ ವರ್ಷ ತರಗತಿಯಲ್ಲಿ ಒಬ್ಬರಾದರೂ ಇದನ್ನು ಕೇಳುತ್ತಾರೆ. ಕೇಳುವಾಗ ಮುಖದಲ್ಲಿ "ಸಿಕ್ಕಿಬಿದ್ರಿ" ಅನ್ನುವ ಸಣ್ಣ ನಗುವೂ ಇರುತ್ತದೆ. ಕೇಳಬೇಕಾದ ಪ್ರಶ್ನೆಯೇ ಅದು. ನೀವು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದ್ದೀರಿ. ಎರಡನೆಯದನ್ನು ಮೊದಲು ತೆಗೆದುಕೊಳ್ಳುತ್ತೇನೆ. ಅದಕ್ಕೆ ಉತ್ತರ ಸಿಗದೆ ಮೊದಲನೆಯದು ಬಿಡಿಸಿಕೊಳ್ಳುವುದಿಲ್ಲ.

ಸತ್ಯವೇದವನ್ನು ಯಾಕೆ ನಂಬುತ್ತೀರಿ ಎಂದು ಕೇಳಿದರೆ ಎಷ್ಟೋ ಜನ ಪುಸ್ತಕದಿಂದಲೇ ಶುರು ಮಾಡುತ್ತಾರೆ. ಇದು ದೇವರ ಪುಸ್ತಕ, ಆದ್ದರಿಂದ ತಪ್ಪಿಲ್ಲ, ಆದ್ದರಿಂದ ನಂಬುತ್ತೇವೆ. ಲೂಥರನ್ನರಲ್ಲೂ ಹೀಗೆ ಹೇಳುವವರು ಬೇಕಾದಷ್ಟು ಇದ್ದಾರೆ. ಆದರೆ ಆ ಸಭೆಗೆ ಹೆಸರು ಕೊಟ್ಟ 16ನೇ ಶತಮಾನದ ಜರ್ಮನ್ ಸುಧಾರಕ ಮಾರ್ಟಿನ್ ಲೂಥರ್ ಹೊರಟದ್ದು ಅಲ್ಲಿಂದಲ್ಲ. ಎರ್ಫರ್ಟ್‌ನ ಮಠದಲ್ಲಿ ಸನ್ಯಾಸಿಯಾಗಿದ್ದಾಗ ಆತ ಗಂಟೆಗಟ್ಟಲೆ ಪಾಪ ಅರಿಕೆ ಮಾಡುತ್ತಿದ್ದ. ಮುಗಿಸಿ ಎದ್ದು ಬಂದ ಮೇಲೂ ಮರೆತುಹೋದ ಪಾಪ ಇನ್ನೊಂದು ನೆನಪಾಗುತ್ತಿತ್ತು. ದೇವರು ನನ್ನ ಮೇಲೆ ಕೋಪಗೊಂಡಿಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು? ಆತನ ಪ್ರಶ್ನೆ ಅದೊಂದೇ. ಉತ್ತರಕ್ಕಾಗಿ ತನ್ನ ಮನಸ್ಸನ್ನೇ ಕೆದಕಿದಷ್ಟೂ ಭಯ ಜಾಸ್ತಿಯಾಯಿತು. ನಾನು ನಿಜವಾಗಿ ಪಶ್ಚಾತ್ತಾಪ ಪಟ್ಟೆನಾ? ನನ್ನ ನಂಬಿಕೆ ಗಟ್ಟಿಯಾ? ಇವಕ್ಕೆ ಒಳಗಿನಿಂದ ಬರುವ ಉತ್ತರ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು.

ಬಿಡುಗಡೆ ಸಿಕ್ಕಿದ್ದು ರೋಮಾಪುರದವರಿಗೆ ಬರೆದ ಪತ್ರದಲ್ಲಿ. ನೀತಿವಂತನು ನಂಬಿಕೆಯಿಂದ ಬದುಕುವನು ಎನ್ನುವ ಮಾತು ಅದರ ಮೊದಲ ಅಧ್ಯಾಯದಲ್ಲಿದೆ. ದೇವರ ನೀತಿ ಅಂದರೆ ದೇವರು ನಮ್ಮನ್ನು ಅಳೆಯುವ ಕೋಲು ಅಂತ ಲೂಥರ್ ಅಂದುಕೊಂಡಿದ್ದ. ಅದು ಕ್ರಿಸ್ತನ ನಿಮಿತ್ತ ಸುಮ್ನೆ ಕೊಡುವ ಉಡುಗೊರೆ ಎಂದು ಅಲ್ಲಿ ಗೊತ್ತಾಯಿತು. ಈ ಮಾತು ಆತನ ಒಳಗಿನಿಂದ ಬರಲಿಲ್ಲ, ಹೊರಗಿನಿಂದ ಬಂತು. ಲೂಥರನ್ನರು ಸತ್ಯವೇದವನ್ನು ನಂಬುವ ಪರಿ ಅರ್ಥವಾಗಬೇಕಾದರೆ ಈ "ಹೊರಗಿನಿಂದ" ಅನ್ನುವ ಪದವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಜೈಲಿನಲ್ಲಿರುವವನ ಕೈಗೆ ಬಿಡುಗಡೆಯ ಆದೇಶ ಬಂತು ಅಂದುಕೊಳ್ಳಿ. ಆತ ಕಾಗದದ ಗುಣಮಟ್ಟ ನೋಡುವುದಿಲ್ಲ. ಯಾರು ಬರೆದದ್ದು, ಯಾರ ಹೆಸರಿಗೆ ಬರೆದದ್ದು, ಬಾಗಿಲು ತೆರೆಯುತ್ತದೆಯೋ ಇಲ್ಲವೋ, ಇಷ್ಟನ್ನೇ ನೋಡುತ್ತಾನೆ. ಆ ಕಾಗದ ಬಿಡುಗಡೆಯ ಬಗ್ಗೆ ಬರೆದ ಪ್ರಬಂಧ ಅಲ್ಲ, ಬಿಡುಗಡೆಯನ್ನೇ ಕೈಗೆ ಕೊಡುತ್ತದೆ. ಲೂಥರನ್ನರ ಪ್ರಕಾರ ದೇವರ ಮಾತು ಹೀಗೆ ಕೆಲಸ ಮಾಡುವ ಮಾತು. ಮಳೆ ನೆಲವನ್ನು ನೆನೆಸದೆ ವಾಪಸ್ ಹೋಗದ ಹಾಗೆ ನನ್ನ ಮಾತೂ ಬರಿಗೈಯಲ್ಲಿ ವಾಪಸ್ ಬರುವುದಿಲ್ಲ ಎಂದು ಯೆಶಾಯನ 55ನೇ ಅಧ್ಯಾಯ ಹೇಳುತ್ತದಲ್ಲ, ಅದೇ. ಧರ್ಮಶಾಸ್ತ್ರವಾಗಿ, ಅಂದರೆ ದೇವರ ಆಜ್ಞೆಯಾಗಿ ಬಂದಾಗ ಆ ಮಾತು ಮನುಷ್ಯನ ಸೊಕ್ಕು ಮುರಿಯುತ್ತದೆ. ಸುವಾರ್ತೆಯಾಗಿ ಬಂದಾಗ "ನಿನ್ನ ಪಾಪ ಕ್ಷಮಿಸಿದ್ದೇನೆ" ಎಂದು ಹೇಳಿ, ಹೇಳಿದ್ದನ್ನು ಮಾಡಿಯೂ ಮುಗಿಸುತ್ತದೆ. ಧರ್ಮಶಾಸ್ತ್ರ ಯಾವುದು, ಸುವಾರ್ತೆ ಯಾವುದು ಅಂತ ಬಿಡಿಸಿ ಓದುವುದನ್ನು ಅವರು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಅಂದರೆ ಮೊದಲು ನಂಬುವುದು ಕ್ರಿಸ್ತನನ್ನು. ಸತ್ಯವೇದವನ್ನು ನಂಬುವುದು ಅದು ಆತನನ್ನು ತಂದು ಕೊಡುವುದರಿಂದ. 1523ರಲ್ಲಿ ಹಳೆ ಒಡಂಬಡಿಕೆಯ ಅನುವಾದಕ್ಕೆ ಬರೆದ ಮುನ್ನುಡಿಯಲ್ಲಿ ಲೂಥರ್ ಸತ್ಯವೇದವನ್ನು ಗೋದಲಿಗೆ, ಮಗು ಯೇಸುವಿಗೆ ಸುತ್ತಿದ್ದ ಬಟ್ಟೆಗೆ ಹೋಲಿಸಿದ್ದಾನೆ. ಬಟ್ಟೆ ಸಾಧಾರಣದ್ದೇ, ಅದರೊಳಗೆ ಇರುವ ನಿಧಿಗೆ ಬೆಲೆ. ಯೋಹಾನನ ಸುವಾರ್ತೆಯ 5ನೇ ಅಧ್ಯಾಯದಲ್ಲಿ ಯೇಸು ಹೇಳುವುದೂ ಇದನ್ನೇ: ಶಾಸ್ತ್ರಗಳು ನನ್ನ ವಿಷಯದಲ್ಲಿ ಸಾಕ್ಷಿ ಹೇಳುತ್ತವೆ. ಆ ಸಾಕ್ಷಿಯ ಮೂಲಕ ಪವಿತ್ರಾತ್ಮ ಕೇಳುವವರಲ್ಲಿ ನಂಬಿಕೆ ಹುಟ್ಟಿಸುತ್ತಾನೆ. ಮೊದಲು ಪುಸ್ತಕವನ್ನು ತರ್ಕದಿಂದ ಸಾಬೀತು ಮಾಡಿ, ಆಮೇಲೆ ಕ್ರಿಸ್ತನ ಹತ್ತಿರ ಹೋಗುವುದು ಲೂಥರನ್ ದಾರಿ ಅಲ್ಲ.

ಹಾಗಾದರೆ ಪವಿತ್ರಾತ್ಮ ನೇರವಾಗಿ ಮನಸ್ಸಿನಲ್ಲೇ ಮಾತಾಡಬಾರದಾ? ನೀವು ಹೇಳಿದ 16ನೇ ಶತಮಾನದ ಬರಹಗಳಲ್ಲಿ ಒಂದಾದ 1537ರ ಸ್ಮಾಲ್‌ಕಾಲ್ಡ್ ಲೇಖನಗಳಲ್ಲಿ ಲೂಥರ್ ಇದಕ್ಕೆ ಖಡಕ್ಕಾಗಿ ಉತ್ತರ ಕೊಟ್ಟಿದ್ದಾನೆ. ಹೊರಗಿನಿಂದ ಕಿವಿಗೆ ಬೀಳುವ ಮಾತಿಲ್ಲದೆ ದೇವರು ಯಾರಿಗೂ ಆತ್ಮವನ್ನು ಕೊಡುವುದಿಲ್ಲ ಎನ್ನುತ್ತಾನೆ. ತಮಾಷೆ ಅಂದರೆ, ಆತ್ಮ ನೇರವಾಗಿ ನನ್ನ ಹತ್ತಿರ ಮಾತಾಡಿತು ಎನ್ನುವ ಉತ್ಸಾಹಿಗಳನ್ನೂ ಪೋಪರನ್ನೂ ಆತ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾನೆ. ಇಬ್ಬರೂ ತಮ್ಮ ಎದೆಯೊಳಗಿನದನ್ನು ದೇವರ ಮಾತು ಎನ್ನುತ್ತಾರೆ ಎಂಬುದು ಆತನ ತಕರಾರು. ಪೋಪರ ವಿಷಯದಲ್ಲಿ ಇದು ನ್ಯಾಯವಾದ ಮಾತೋ ಅಲ್ಲವೋ ಎಂದು ವಾದ ಮಾಡಬಹುದು. ಆದರೆ ಆತನ ಭಯ ಏನೆಂದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಒಳಗಿನ ದನಿಯನ್ನು ನಂಬಿ ಮಠದಲ್ಲಿ ಸುಟ್ಟುಕೊಂಡವನು ಆತ.

ಬಿಷಪರೆಲ್ಲ ಸೇರಿ ತೀರ್ಮಾನಿಸುವ ಮಹಾಸಭೆಗಳ ಕಥೆಯೂ ಅಷ್ಟೆ. 1519ರಲ್ಲಿ ಲೈಪ್‌ಜಿಗ್‌ನಲ್ಲಿ ಯೊಹಾನ್ ಎಕ್ ಎಂಬ ಚುರುಕು ವಾದಿ ಲೂಥರನನ್ನು ಮೂಲೆಗೆ ತಳ್ಳಿದ. ಕಾನ್‌ಸ್ಟನ್ಸ್ ಮಹಾಸಭೆ 1415ರಲ್ಲಿ ಯಾನ್ ಹುಸ್‌ನನ್ನು ಧರ್ಮದ್ರೋಹಿ ಎಂದು ಸುಡಿಸಿತ್ತು. ನೀನೂ ಹುಸ್ ಹೇಳಿದ್ದನ್ನೇ ಹೇಳುತ್ತಿದ್ದೀಯಲ್ಲ ಎಂದು ಎಕ್ ಕೆಣಕಿದ. ಹುಸ್ ಹೇಳಿದ್ದರಲ್ಲಿ ಸುವಾರ್ತೆಗೆ ತಕ್ಕದ್ದು ಎಷ್ಟೋ ಇದೆ, ಮಹಾಸಭೆಗಳೂ ತಪ್ಪು ಮಾಡಬಹುದು ಎಂದು ಲೂಥರ್ ಒಪ್ಪಿಕೊಳ್ಳಬೇಕಾಯಿತು. ಎರಡು ವರ್ಷಗಳ ಮೇಲೆ, 1521ರ ಏಪ್ರಿಲ್ 18ರಂದು, ವರ್ಮ್ಸ್‌ನಲ್ಲಿ ಚಕ್ರವರ್ತಿಯ ಎದುರು ನಿಂತು ಅದನ್ನೇ ಬಿಡಿಸಿ ಹೇಳಿದ. ಪೋಪರೂ ಮಹಾಸಭೆಗಳೂ ತಪ್ಪಿದ್ದಾರೆ, ಒಬ್ಬರ ಮಾತನ್ನು ಇನ್ನೊಬ್ಬರು ಅಲ್ಲಗಳೆದಿದ್ದಾರೆ. ಶಾಸ್ತ್ರದಿಂದಲೋ ಸ್ಪಷ್ಟ ಕಾರಣದಿಂದಲೋ ತೋರಿಸಿಕೊಡದೆ ನಾನು ಹಿಂದೆ ಸರಿಯುವುದಿಲ್ಲ.

ಇಲ್ಲಿ ಒಂದು ಕಷ್ಟವನ್ನೂ ಮುಚ್ಚಿಡದೆ ಹೇಳಬೇಕು. ಸತ್ಯವೇದದಲ್ಲಿ ಯಾವ ಯಾವ ಪುಸ್ತಕಗಳಿವೆ ಎನ್ನುವ ಪಟ್ಟಿ ಲೂಥರನ್ ವಿಶ್ವಾಸದ ಬರಹಗಳಲ್ಲಿ ಎಲ್ಲೂ ಇಲ್ಲ. ಇನ್ನೊಬ್ಬ ಸುಧಾರಕ ಕ್ಯಾಲ್ವಿನ್‌ನ ದಾರಿ ಹಿಡಿದ ಸಭೆಗಳ ನಂಬಿಕೆಯ ಅರಿಕೆಗಳಲ್ಲಿ ಅಂಥ ಪಟ್ಟಿ ಕಾಣಬಹುದು. ಲೂಥರ್ 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ ಇಬ್ರಿಯ, ಯಾಕೋಬ, ಯೂದ, ಪ್ರಕಟನೆ, ಈ ನಾಲ್ಕನ್ನು ಕೊನೆಗೆ ಹಾಕಿದ. ಪಟ್ಟಿಯಲ್ಲಿ ಅವಕ್ಕೆ ಸಂಖ್ಯೆಯನ್ನೂ ಕೊಡಲಿಲ್ಲ. ಯಾಕೋಬನ ಪತ್ರವನ್ನು ಹುಲ್ಲಿನ ಪತ್ರ ಎಂದು ಕರೆದದ್ದೂ ಆಗಲೇ. ಆದರೆ ಯಾವುದನ್ನೂ ಕಿತ್ತುಹಾಕಲಿಲ್ಲ. ಕ್ರಿಸ್ತನನ್ನು ಎಷ್ಟು ಸ್ಪಷ್ಟವಾಗಿ ಸಾರುತ್ತದೆ ಎನ್ನುವುದೇ ಆತನಿಗೆ ಒರೆಗಲ್ಲು. ಈ ಧೈರ್ಯ ನನಗೆ ಇಷ್ಟ, ಜೊತೆಗೆ ಸ್ವಲ್ಪ ದಿಗಿಲೂ ಆಗುತ್ತದೆ. ಯಾಕೋಬನ ಮಾತು ಲೂಥರನ್ನರಿಗೆ ಅಗತ್ಯವಾಗಿ ಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಸತ್ಯವೇದ ಅಧಿಕಾರವುಳ್ಳದ್ದು ಎನ್ನುವುದರಲ್ಲಿ ಲೂಥರನ್ನರಿಗೆಲ್ಲ ಒಮ್ಮತ. ಯಾವ ರೀತಿಯಲ್ಲಿ ಎನ್ನುವಾಗ ಜಗಳ. ಅಕ್ಷರ ಅಕ್ಷರವೂ ತಪ್ಪಿಲ್ಲದ್ದು ಎನ್ನುವವರು ಒಂದು ಕಡೆ, ನಂಬಿಕೆಗೂ ಬದುಕಿಗೂ ಅದೇ ಮೂಲ ಮತ್ತು ಅಳತೆ ಎಂದಷ್ಟೇ ಹೇಳಿ, ಇತಿಹಾಸದ ವಿಮರ್ಶೆಗೆ ಜಾಗ ಬಿಡುವವರು ಇನ್ನೊಂದು ಕಡೆ. 1974ರ ಫೆಬ್ರವರಿಯಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಕಾಂಕಾರ್ಡಿಯಾ ಸೆಮಿನರಿಯಲ್ಲಿ ಹೆಚ್ಚಿನ ಪ್ರಾಧ್ಯಾಪಕರೂ ವಿದ್ಯಾರ್ಥಿಗಳೂ ಇದೇ ಜಗಳದಲ್ಲಿ ಹೊರಗೆ ನಡೆದುಬಿಟ್ಟರು. ಆ ಗಾಯ ಇನ್ನೂ ಪೂರ್ತಿ ಆರಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. ಸತ್ಯವೇದ ಇದ್ದ ಮೇಲೆ ಇನ್ನೊಂದು ಪುಸ್ತಕ ಯಾಕೆ?

1529ರ ಅಕ್ಟೋಬರ್‌ನಲ್ಲಿ ಮಾರ್ಬರ್ಗ್‌ನ ಕೋಟೆಯಲ್ಲಿ ಲೂಥರ್ ಮತ್ತು ಸ್ವಿಟ್ಜರ್ಲೆಂಡಿನ ಸುಧಾರಕ ಜ್ವಿಂಗ್ಲಿ ಎದುರುಬದುರು ಕೂತರು. ಇಬ್ಬರೂ ಪೋಪರನ್ನು ಬಿಟ್ಟವರು, ಇಬ್ಬರೂ "ಸತ್ಯವೇದ ಒಂದೇ" ಎನ್ನುವವರು. ಲೂಥರ್ ಸೀಮೆಸುಣ್ಣ ತೆಗೆದು ಮೇಜಿನ ಮೇಲೆ ಲ್ಯಾಟಿನ್‌ನಲ್ಲಿ "ಇದು ನನ್ನ ದೇಹ" ಎಂದು ಬರೆದು, ಮೇಲೆ ಬಟ್ಟೆ ಮುಚ್ಚಿದ. ವಾದ ಬಿಸಿಯಾದಾಗ ಬಟ್ಟೆ ಸರಿಸಿ ಆ ಮಾತನ್ನೇ ತೋರಿಸಿದ. ಜ್ವಿಂಗ್ಲಿಯೂ ಆ ವಚನವನ್ನು ನಂಬುತ್ತಿದ್ದ. ಆದರೆ "ಇದು ನನ್ನ ದೇಹ" ಅಂದರೆ "ಇದು ನನ್ನ ದೇಹದ ಗುರುತು" ಎಂದು ಓದುತ್ತಿದ್ದ. ಲೂಥರನಿಗೆ ಆ ಮಾತು ಇದ್ದ ಹಾಗೇ ಇರಬೇಕು. ಕೊನೆಗೆ 15 ವಿಷಯಗಳಲ್ಲಿ 14ಕ್ಕೆ ಒಪ್ಪಿದರು. ಹದಿನೈದನೆಯದರಲ್ಲಿ ಕರ್ತನ ಭೋಜನದಲ್ಲಿ ಕ್ರಿಸ್ತನ ದೇಹವೂ ರಕ್ತವೂ ನಿಜವಾಗಿ ಇವೆಯೋ ಎನ್ನುವಲ್ಲಿ ಬೇರೆಯಾದರು.

ಈಗ ಹೇಳಿ, ಅಲ್ಲಿ "ನಾನು ಸತ್ಯವೇದವನ್ನು ನಂಬುತ್ತೇನೆ" ಅಂದರೆ ಯಾರಿಗೆ ಏನು ತಿಳಿಯಿತು? ಇಬ್ಬರೂ ಅದನ್ನೇ ಹೇಳುತ್ತಿದ್ದರು. 4ನೇ ಶತಮಾನದಲ್ಲಿ, ಮಗನು ತಂದೆಗೆ ಸಮನಲ್ಲ ಎಂದ ಏರಿಯಸ್‌ನ ಕಡೆಯವರೂ ವಚನಗಳನ್ನು ಧಾರಾಳವಾಗಿ ಹೇಳಿದರು. ಅದಕ್ಕೇ 325ರಲ್ಲಿ ನೈಸಿಯಾದಲ್ಲಿ ಸೇರಿದವರು, ಮಗನೂ ತಂದೆಯೂ ಒಂದೇ ತತ್ವದವರು ಎಂದು ಹೇಳಲು ಸತ್ಯವೇದದಲ್ಲಿ ಇಲ್ಲದ ಪದವನ್ನೇ ಬಳಸಬೇಕಾಯಿತು. ಸತ್ಯವೇದ ಹೇಳುವುದನ್ನು ಕಾಪಾಡಲು ಸತ್ಯವೇದದ ಹೊರಗಿನ ಪದ.

ಕನ್ನಡದಲ್ಲಿ "ಅರಿಕೆ" ಅನ್ನುವ ಪದ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಪಾಪವನ್ನು ಅರಿಕೆ ಮಾಡುತ್ತೇವೆ, ಕ್ರಿಸ್ತನನ್ನೂ ಬಾಯಿಂದ ಅರಿಕೆ ಮಾಡುತ್ತೇವೆ. ಎರಡರಲ್ಲೂ ಬಾಯಿ ಬಿಟ್ಟು, ಇನ್ನೊಬ್ಬರ ಎದುರು, ನನ್ನ ಮಾತಿನಲ್ಲಿ ಹೇಳುವುದಿದೆ. ಯೇಸು ಶಿಷ್ಯರನ್ನು ಮೊದಲು "ಜನ ನನ್ನನ್ನು ಯಾರು ಅನ್ನುತ್ತಾರೆ" ಎಂದು ಕೇಳಿದ. ಆಮೇಲೆ "ನೀವೋ?" ಎಂದ. ಪೇತ್ರ ಆ ಪ್ರಶ್ನೆಗೆ ಹಳೆ ಒಡಂಬಡಿಕೆಯ ಪುಟ ಓದಿ ಹೇಳಲಿಲ್ಲ, ಉತ್ತರ ಕೊಟ್ಟ. ಲೂಥರನ್ ವಿಶ್ವಾಸದ ಅರಿಕೆಗಳು ಅಂಥ ಉತ್ತರ. ಶಾಸ್ತ್ರ ಕೇಳಿದ್ದಕ್ಕೆ ಸಭೆ ಬಾಯಿ ಬಿಟ್ಟು ಹೇಳಿದ್ದು.

ಅದು ಬರೀ ಹೋಲಿಕೆಯೂ ಅಲ್ಲ. ಮುಖ್ಯ ಅರಿಕೆ ನಿಜವಾಗಿಯೂ ಬಾಯಿಂದಲೇ ಹೊರಟದ್ದು. 1530ರ ಜೂನ್ 25, ಮಧ್ಯಾಹ್ನ. ಆಗ್ಸ್‌ಬರ್ಗ್‌ನಲ್ಲಿ ಬಿಷಪರ ಅರಮನೆಯ ಒಂದು ಕೋಣೆ. ಚಕ್ರವರ್ತಿ 5ನೇ ಚಾರ್ಲ್ಸ್ ಕೂತಿದ್ದಾನೆ. ಲ್ಯಾಟಿನ್ ಪ್ರತಿಯನ್ನು ಓದಿ ಎಂದು ಆತನ ಅಪೇಕ್ಷೆ. ಸ್ಯಾಕ್ಸನಿಯ ದೊರೆ ಯೋಹಾನ್ ಒಪ್ಪಲಿಲ್ಲ: ನಾವಿರುವುದು ಜರ್ಮನ್ ನೆಲದಲ್ಲಿ, ಜರ್ಮನ್ ಭಾಷೆಯಲ್ಲೇ ಓದಲು ಅಪ್ಪಣೆಯಾಗಲಿ. ಸ್ಯಾಕ್ಸನಿಯ ಚಾನ್ಸಲರ್ ಕ್ರಿಸ್ಟಿಯಾನ್ ಬೈಯರ್ ಎದ್ದು ಓದಿದ. ಸುಮಾರು ಎರಡು ಗಂಟೆ. ಹೊರಗೆ ಅಂಗಳದಲ್ಲಿ ನಿಂತವರಿಗೂ ಕೇಳುವಷ್ಟು ಗಟ್ಟಿಯಾಗಿ ಓದಿದ. ಒಟ್ಟು 28 ಲೇಖನ, ಮೊದಲ 21 ನಂಬಿಕೆಯ ಬಗ್ಗೆ, ಉಳಿದ ಏಳು ಸರಿಪಡಿಸಿದ ದುರಾಚಾರಗಳ ಬಗ್ಗೆ.

ಬರೆದವನು ಲೂಥರ್ ಅಲ್ಲ, ಆತನ ಗೆಳೆಯ ಫಿಲಿಪ್ ಮೆಲಾಂಕ್ಥನ್. ಸಾಮ್ರಾಜ್ಯದ ಬಹಿಷ್ಕಾರ ಹೊತ್ತಿದ್ದ ಲೂಥರ್ ಅಲ್ಲಿಗೆ ಬರುವ ಹಾಗೇ ಇರಲಿಲ್ಲ. ದೂರದ ಕೋಬರ್ಗ್ ಕೋಟೆಯಲ್ಲಿ ಕೂತು ಪತ್ರ ಬರೆಯುತ್ತಿದ್ದ. ಸಹಿ ಹಾಕಿದವರೂ ಪಾದ್ರಿಗಳಲ್ಲ. ಕೆಲವು ದೊರೆಗಳು, ಜೊತೆಗೆ ನ್ಯೂರೆಂಬರ್ಗ್ ಮತ್ತು ರಾಯ್ಟ್ಲಿಂಗೆನ್ ಎಂಬ ಎರಡು ನಗರಗಳು. ಗದ್ದುಗೆ, ನೆಲ, ತಲೆ, ಎಲ್ಲ ಕಳೆದುಕೊಳ್ಳುವ ಅಪಾಯ ಇತ್ತು. ಅರಸರ ಎದುರಲ್ಲೂ ನಾಚದೆ ನಿನ್ನ ಸಾಕ್ಷಿ ಹೇಳುತ್ತೇನೆ ಎನ್ನುವ 119ನೇ ಕೀರ್ತನೆಯ ಮಾತನ್ನು ಈ ಅರಿಕೆಯ ತಲೆಯ ಮೇಲೆ ಹಾಕಿದ್ದು ಸುಮ್ನೆ ಅಲ್ಲ.

ಆ ಬರಹದ ಒಳಗೆ ಏನಿದೆ? ಮೊದಲ ಲೇಖನವೇ "ನಮ್ಮ ಸಭೆಗಳು ಒಮ್ಮತದಿಂದ ಕಲಿಸುತ್ತವೆ" ಎಂದು ಶುರುವಾಗುತ್ತದೆ. "ನನಗೆ ಹೀಗನ್ನಿಸುತ್ತದೆ" ಅಂತ ಅಲ್ಲ. 4ನೇ ಲೇಖನ ಇಡೀ ಬರಹದ ಗುಂಡಿಗೆ: ನಮ್ಮ ಕೆಲಸದಿಂದ, ಯೋಗ್ಯತೆಯಿಂದ ದೇವರ ಮುಂದೆ ನೀತಿವಂತರಾಗಲು ಆಗುವುದಿಲ್ಲ, ಕ್ರಿಸ್ತನ ನಿಮಿತ್ತ, ನಂಬಿಕೆಯ ಮೂಲಕ, ಉಚಿತವಾಗಿ ಆಗುತ್ತೇವೆ. ಮಠದ ಆ ಹುಡುಗನ ಪ್ರಶ್ನೆ ಇಲ್ಲಿ ಸಭೆಯ ಉತ್ತರವಾಗಿ ನಿಂತಿದೆ. 5ನೇ ಲೇಖನ, ಆ ನಂಬಿಕೆ ಬರಲೆಂದೇ ದೇವರು ವಾಕ್ಯವನ್ನೂ ಸಂಸ್ಕಾರಗಳನ್ನೂ ಕೊಟ್ಟ ಎನ್ನುತ್ತದೆ. ನೋಡಿ, ಮತ್ತೆ "ಹೊರಗಿನಿಂದ". ಕೊನೆಗೆ, ಇನ್ನೂ ಏನಾದರೂ ಬೇಕಿದ್ದರೆ ಶಾಸ್ತ್ರದ ಪ್ರಕಾರ ಇನ್ನಷ್ಟು ವಿವರ ಕೊಡುತ್ತೇವೆ ಎಂದು ಹೇಳಿ ಮುಗಿಸುತ್ತದೆ. ತನ್ನನ್ನು ಯಾವುದರಿಂದ ಅಳೆಯಬೇಕು ಎಂದು ತಾನೇ ಹೇಳುವ ಬರಹ ಅದು.

ಮುಂದಿನ 50 ವರ್ಷ ಲೂಥರನ್ನರು ತಮ್ಮತಮ್ಮಲ್ಲೇ ಕಚ್ಚಾಡಿದರು. ಲೂಥರ್ 1546ರಲ್ಲಿ ತೀರಿಕೊಂಡ ಮೇಲಂತೂ ಹೇಳುವುದೇ ಬೇಡ. ಕೊನೆಗೆ ಯಾಕೋಬ್ ಆಂದ್ರೆಯೇ, ಮಾರ್ಟಿನ್ ಕೆಮ್ನಿಟ್ಸ್ ಮೊದಲಾದವರು ಕೂತು 1577ರಲ್ಲಿ ಒಂದು ಒಮ್ಮತದ ಬರಹ ಸಿದ್ಧಮಾಡಿದರು. ಅದಕ್ಕೆ ಕಾಂಕಾರ್ಡ್ ಸೂತ್ರ ಎಂದು ಹೆಸರು, ಕಾಂಕಾರ್ಡ್ ಅಂದರೆ ಒಮ್ಮತ. 1580ರ ಜೂನ್ 25ಕ್ಕೆ, ಆಗ್ಸ್‌ಬರ್ಗ್‌ಗೆ ಸರಿಯಾಗಿ 50 ವರ್ಷ ತುಂಬಿದ ದಿನ, ಎಲ್ಲವನ್ನೂ ಒಟ್ಟಿಗೆ ಕಟ್ಟಿ ಕಾಂಕಾರ್ಡ್ ಪುಸ್ತಕವಾಗಿ ಹೊರತಂದರು. ಹಳೆಯ ಮೂರು ವಿಶ್ವಾಸ ಪ್ರಮಾಣಗಳು, ಆಗ್ಸ್‌ಬರ್ಗ್ ಅರಿಕೆ, ಅದರ ಸಮರ್ಥನೆ, ಸ್ಮಾಲ್‌ಕಾಲ್ಡ್ ಲೇಖನಗಳು, ಪೋಪರ ಅಧಿಕಾರದ ಬಗ್ಗೆ ಒಂದು ಬರಹ, ಲೂಥರನ ಎರಡು ಪ್ರಶ್ನೋತ್ತರ ಪುಸ್ತಕಗಳು, ಮತ್ತೆ ಈ ಸೂತ್ರ. 8,000ಕ್ಕೂ ಹೆಚ್ಚು ಪಾದ್ರಿಗಳು, ಬೋಧಕರು ಸೂತ್ರಕ್ಕೆ ಸಹಿ ಹಾಕಿದ್ದರು.

ನಿಮ್ಮ ತಕರಾರಿಗೆ ನೇರ ಉತ್ತರ ಇರುವುದು ಆ ಸೂತ್ರದ ಮೊದಲ ಪುಟದಲ್ಲೇ. ಪ್ರವಾದಿಗಳ, ಅಪೊಸ್ತಲರ ಬರಹಗಳೊಂದೇ ಎಲ್ಲ ಬೋಧನೆಯನ್ನೂ ಬೋಧಕರನ್ನೂ ಅಳೆಯುವ ಕೋಲು ಎಂದು ಅದು ಹೇಳುತ್ತದೆ. ಪರಲೋಕದ ದೂತನೇ ಬಂದು ಬೇರೆ ಸುವಾರ್ತೆ ಸಾರಿದರೂ ಅವನು ಶಾಪಗ್ರಸ್ತ ಎನ್ನುವ ಗಲಾತ್ಯದವರ ಪತ್ರದ ಮಾತನ್ನು ಜೊತೆಗಿಡುತ್ತದೆ. ತನ್ನಂಥ ಬರಹಗಳು ಶಾಸ್ತ್ರದ ಹಾಗೆ ನ್ಯಾಯಾಧೀಶರಲ್ಲ, ಆಯಾ ಕಾಲದಲ್ಲಿ ಸಭೆ ಶಾಸ್ತ್ರವನ್ನು ಹೇಗೆ ಅರ್ಥ ಮಾಡಿಕೊಂಡಿತು ಎನ್ನುವುದಕ್ಕೆ ಸಾಕ್ಷಿಗಳು ಮಾತ್ರ ಎನ್ನುತ್ತದೆ. ಕೋರ್ಟಿನಲ್ಲಿ ಸಾಕ್ಷಿಯನ್ನು ನಂಬುತ್ತೇವೆ. ಹಾಗಂತ ಸಾಕ್ಷಿ ನ್ಯಾಯಾಧೀಶರ ಕುರ್ಚಿಯಲ್ಲಿ ಕೂರುವುದಿಲ್ಲ. ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದ್ದರಿಂದ ನಿಮಗೆ ವಿರೋಧ ಕಾಣಿಸಿತು. ಅವು ಅಕ್ಕಪಕ್ಕ ಅಲ್ಲ, ಮೇಲೆ ಕೆಳಗೆ.

ಹಿರಿಯರಿಂದ ಬಂದದ್ದನ್ನೆಲ್ಲ ತಳ್ಳಿಹಾಕುವ ಜನವೂ ಅವರಲ್ಲ. ರೋಮಿನವರ ಟ್ರೆಂಟ್ ಮಹಾಸಭೆ 1546ರಲ್ಲಿ ಶಾಸ್ತ್ರವನ್ನೂ ಪರಂಪರೆಯನ್ನೂ ಸಮಾನ ಗೌರವದಿಂದ ಕಾಣುತ್ತೇವೆ ಎಂದಿತು. ಅದನ್ನು ವಿಮರ್ಶಿಸಿದ ಕೆಮ್ನಿಟ್ಸ್ ಪರಂಪರೆಯಲ್ಲಿ ಎಂಟು ಬಗೆ ಗುರುತಿಸಿದ. ಏಳಕ್ಕೆ ಆತನ ತಕರಾರಿಲ್ಲ. ಎಂಟನೆಯದನ್ನು ಮಾತ್ರ ಬೇಡ ಎಂದ: ಶಾಸ್ತ್ರದಲ್ಲಿ ಆಧಾರವೇ ಇಲ್ಲದಿದ್ದರೂ ಶಾಸ್ತ್ರದಷ್ಟೇ ಭಕ್ತಿಯಿಂದ ಒಪ್ಪಿಕೊಳ್ಳಿ ಎನ್ನುವುದು. ಎಂಟರಲ್ಲಿ ಏಳು! ಲೂಥರನ್ನರಿಗೆ ಹಳತು ಅಂದರೆ ಆಗದು ಎನ್ನುವವರು ಇದನ್ನೊಮ್ಮೆ ನೆನಪಿಸಿಕೊಳ್ಳಬೇಕು.

ಅಭಿಷೇಕದ ದಿನದ ಮಾತಿನಲ್ಲಿ ಒಂದು ಸೂಕ್ಷ್ಮ ಇದೆ. "ಈ ಅರಿಕೆಗಳು ಶಾಸ್ತ್ರಕ್ಕೆ ಸರಿಯಾಗಿವೆ, ಆದ್ದರಿಂದ ಒಪ್ಪುತ್ತೇನೆ" ಎನ್ನುವುದು ಒಂದು ಬಗೆ. "ಎಷ್ಟರ ಮಟ್ಟಿಗೆ ಸರಿಯಾಗಿವೆಯೋ ಅಷ್ಟರ ಮಟ್ಟಿಗೆ ಒಪ್ಪುತ್ತೇನೆ" ಎನ್ನುವುದು ಇನ್ನೊಂದು. ಎರಡನೆಯದು ವಿನಯದ ಮಾತಿನ ಹಾಗೆ ಕೇಳಿಸುತ್ತದೆ. ಆದರೆ ಆ ಷರತ್ತಿನ ಮೇಲೆ ನಾನು ರೈಲಿನ ವೇಳಾಪಟ್ಟಿಗೂ ಸಹಿ ಹಾಕಬಲ್ಲೆ. ಕೇಳುವ ಸಭೆಗೆ ಅದರಿಂದ ಏನೂ ತಿಳಿಯುವುದಿಲ್ಲ. ಈ ಭಾನುವಾರ ಪ್ರಸಂಗ ಪೀಠದಿಂದ ಏನು ಬರುತ್ತದೆ ಅಂತ ಮುಂದೆ ಕೂತ ಹೆಂಗಸಿಗೆ, ಹಿಂದೆ ಕೂತ ಮುದುಕನಿಗೆ ಒಂದು ಭರವಸೆ ಬೇಡವಾ? ಸಹಿ ಇರುವುದು ಪಾದ್ರಿಯನ್ನು ಕಟ್ಟಿಹಾಕಲು ಅನ್ನುವುದಕ್ಕಿಂತ, ಪಾದ್ರಿಯ ಆ ವಾರದ ಮನಸ್ಸಿನಿಂದ ಕೇಳುವವರನ್ನು ಕಾಪಾಡಲು ಅನ್ನುವುದು ನನ್ನ ಅಭಿಪ್ರಾಯ. "ಆದ್ದರಿಂದ" ಎನ್ನುವ ಸಭೆಗಳೂ ಇವೆ, ಸಡಿಲವಾಗಿ ಹೇಳುವ ಸಭೆಗಳೂ ಇವೆ. ನನ್ನ ಒಲವು ಮೊದಲನೆಯದರ ಕಡೆಗೆ.

ಹಾಗಂತ "ಆದ್ದರಿಂದ" ಎನ್ನುವವರು ಪ್ರತಿ ಸಾಲನ್ನೂ ಕಣ್ಣುಮುಚ್ಚಿ ನುಂಗಬೇಕಿಲ್ಲ. ಕಾಂಕಾರ್ಡ್ ಸೂತ್ರದಲ್ಲಿ ಮೂಲಪಾಪದ ಬಗ್ಗೆ ಹೇಳುವಾಗ ಅಯಸ್ಕಾಂತ ಮತ್ತು ಬೆಳ್ಳುಳ್ಳಿಯ ಹೋಲಿಕೆ ಬರುತ್ತದೆ. ಅಯಸ್ಕಾಂತಕ್ಕೆ ಬೆಳ್ಳುಳ್ಳಿ ರಸ ಸವರಿದರೆ ಅದರ ಶಕ್ತಿ ಹೋಗುವುದಿಲ್ಲ, ತಡೆಯಾಗುತ್ತದೆ ಅಷ್ಟೆ ಎಂದು ಆ ಕಾಲದವರು ನಂಬಿದ್ದರು. ಪಾಪ ಅಂಥ ಮೇಲಿನ ಲೇಪ ಅಲ್ಲ, ಒಳಗಿನ ಕೇಡು ಎಂದು ಸೂತ್ರ ಹೇಳುತ್ತದೆ. ಪಾಪದ ಬಗ್ಗೆ ಹೇಳಿದ್ದಕ್ಕೆ ಪಾದ್ರಿ ಸಹಿ ಹಾಕುತ್ತಾರೆ, ಬೆಳ್ಳುಳ್ಳಿಯ ವಿಜ್ಞಾನಕ್ಕಲ್ಲ. ನಮ್ಮ ತರಗತಿಯಲ್ಲಿ ಈ ಪುಟ ಬಂದಾಗ ಒಂದು ಅಯಸ್ಕಾಂತ ತಂದು ಪರೀಕ್ಷೆ ಮಾಡಿಯೇ ನೋಡುತ್ತೇವೆ. ಗುಂಡುಸೂಜಿ ಎಂದಿನಂತೆ ಅಂಟಿಕೊಳ್ಳುತ್ತದೆ, ಕೋಣೆ ಮಾತ್ರ ಇಡೀ ದಿನ ನಾರುತ್ತದೆ.

ಇನ್ನೊಂದು ಗೊಂದಲ ಬಿಡಿಸಬೇಕು. ಲೂಥರನ್ನರು ಲೂಥರ್ ಬರೆದದ್ದನ್ನೆಲ್ಲ ನಂಬಬೇಕು ಅಂತ ಎಷ್ಟೋ ಜನ ತಿಳಿದಿದ್ದಾರೆ. ಇಲ್ಲ. ಆತ ಬರೆದದ್ದು ರಾಶಿರಾಶಿ; ಕಾಂಕಾರ್ಡ್ ಪುಸ್ತಕದಲ್ಲಿ ಸೇರಿದ್ದು ಎರಡು ಪ್ರಶ್ನೋತ್ತರ ಪುಸ್ತಕ, ಸ್ಮಾಲ್‌ಕಾಲ್ಡ್ ಲೇಖನಗಳು, ಅಷ್ಟೆ. 1543ರಲ್ಲಿ ಯೆಹೂದ್ಯರ ವಿರುದ್ಧ ಆತ ಬರೆದ ವಿಷದಂಥ ಪುಸ್ತಕ ಸಭೆಯ ಅರಿಕೆ ಅಲ್ಲ. ಅಮೆರಿಕದ ದೊಡ್ಡ ಲೂಥರನ್ ಸಭೆ 1994ರಲ್ಲಿ ಅಂಥ ಮಾತುಗಳನ್ನು ಬಹಿರಂಗವಾಗಿ ತಿರಸ್ಕರಿಸಿತು. ಯಾವುದಕ್ಕೆ ಸಹಿ ಇದೆ, ಯಾವುದಕ್ಕೆ ಇಲ್ಲ ಎನ್ನುವ ಗೆರೆ ಸ್ಪಷ್ಟ ಇದ್ದದ್ದರಿಂದ ಹಾಗೆ ಹೇಳಲು ದಾರಿ ಇತ್ತು.

ಅರಿಕೆಗಳ ಒಳಗೂ ಮುಳ್ಳುಗಳಿವೆ. ಆಗ್ಸ್‌ಬರ್ಗ್ ಅರಿಕೆ ಅನಾಬ್ಯಾಪ್ಟಿಸ್ಟರನ್ನು ಹಲವು ಕಡೆ ಖಂಡಿಸುತ್ತದೆ. ದೊಡ್ಡವರಾದ ಮೇಲೆ ಮತ್ತೆ ದೀಕ್ಷಾಸ್ನಾನ ಕೊಡುತ್ತಿದ್ದ ಆ ಜನರನ್ನು ಹಿಂಸಿಸಿದವರಿಗೆ ಆ ಮಾತುಗಳು ಆಸರೆಯಾದವು. 2010ರ ಜುಲೈನಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟ ಅವರ ಪರಂಪರೆಯ ಮೆನೊನೈಟರ ಕ್ಷಮೆ ಕೇಳಿತು. ಎಲ್ಲ ಲೂಥರನ್ ಸಭೆಗಳೂ ಇಡೀ ಕಾಂಕಾರ್ಡ್ ಪುಸ್ತಕವನ್ನು ಒಪ್ಪಿಲ್ಲ ಅನ್ನುವುದೂ ನಿಮಗೆ ಗೊತ್ತಿರಲಿ. ಡೆನ್ಮಾರ್ಕ್, ನಾರ್ವೆಗಳಲ್ಲಿ ಹಳೆಯ ವಿಶ್ವಾಸ ಪ್ರಮಾಣಗಳ ಜೊತೆ ಆಗ್ಸ್‌ಬರ್ಗ್ ಅರಿಕೆ, ಚಿಕ್ಕ ಪ್ರಶ್ನೋತ್ತರ ಪುಸ್ತಕ ಇಷ್ಟೇ. ಸುಮಾತ್ರಾದ ಬಟಾಕ್ ಸಭೆ 1951ರಲ್ಲಿ ತನ್ನದೇ ಅರಿಕೆ ಬರೆದುಕೊಂಡಿತು. ಅದನ್ನು ಹಿಡಿದುಕೊಂಡೇ ಮರುವರ್ಷ ವಿಶ್ವ ಒಕ್ಕೂಟ ಸೇರಿತು.

ಇನ್ನು ಉಳಿದದ್ದು ಸುತ್ತು ವಾದದ ಮಾತು. ಅರಿಕೆ ಶಾಸ್ತ್ರಕ್ಕೆ ಸರಿ ಇದೆ ಅಂತ ಹೇಳುವವರು ಆ ಅರಿಕೆಯ ಕನ್ನಡಕ ಹಾಕಿಕೊಂಡೇ ಶಾಸ್ತ್ರ ಓದುತ್ತಾರಲ್ಲ? ಹೌದು, ಓದುತ್ತಾರೆ. ಇದನ್ನು ಅಲ್ಲಗಳೆಯುವ ಲೂಥರನ್ನರು ತಮಗೆ ತಾವೇ ಸುಳ್ಳು ಹೇಳಿಕೊಳ್ಳುತ್ತಾರೆ. ಆದರೆ ಬರಿಗಣ್ಣಿನಲ್ಲಿ ಓದುವವರು ಯಾರು? "ನಮಗೆ ಯಾವ ಅರಿಕೆಯೂ ಇಲ್ಲ, ಸತ್ಯವೇದ ಮಾತ್ರ" ಎನ್ನುವ ಸಭೆಗೆ ಹೋಗಿ, ಮಗುವಿಗೆ ದೀಕ್ಷಾಸ್ನಾನ ಕೊಡ್ತೀರಾ ಅಂತ ಕೇಳಿ ನೋಡಿ. ಐದು ನಿಮಿಷದಲ್ಲಿ ಅವರ ಅರಿಕೆ ಹೊರಗೆ ಬರುತ್ತದೆ. ಬರೆದಿಟ್ಟಿಲ್ಲ, ಅಷ್ಟೆ. ಬರೆದಿಡದ ಅರಿಕೆಯನ್ನು ಪರೀಕ್ಷೆ ಮಾಡುವುದು ಕಷ್ಟ. ಬರೆದದ್ದನ್ನು ಮೇಜಿನ ಮೇಲೆ ಇಟ್ಟು, ಪಕ್ಕದಲ್ಲಿ ಸತ್ಯವೇದ ತೆರೆದು, ಸಾಲು ಸಾಲಾಗಿ ತಾಳೆ ನೋಡಬಹುದು. ಪೌಲ ಹೇಳಿದ್ದನ್ನೇ ಬೆರೋಯದ ಜನ ದಿನಾ ಶಾಸ್ತ್ರಕ್ಕೆ ಹಿಡಿದು ನೋಡಿದರು ಎಂದು ಅಪೊಸ್ತಲರ ಕೃತ್ಯಗಳ 17ನೇ ಅಧ್ಯಾಯ ಮೆಚ್ಚಿ ಹೇಳುತ್ತದೆ.

ಇಡೀ ವಾದ ಕೊನೆಗೆ ನಿಲ್ಲುವುದೂ ಎರಡು ಪುಸ್ತಕಗಳು ಪರಸ್ಪರ ಸಾಕ್ಷಿ ಹೇಳಿಕೊಳ್ಳುವುದರ ಮೇಲಲ್ಲ. ನಂಬಿಕೆ ಮೂರನೆಯವನ ಮೇಲೆ. ಆತನ ಬಗ್ಗೆ ಶಾಸ್ತ್ರ ಸಾಕ್ಷಿ ಹೇಳುತ್ತದೆ, ಶಾಸ್ತ್ರ ಹೇಳಿದ್ದು ಕೇಳಿಸಿತು ಎಂದು ಅರಿಕೆ ಹೇಳುತ್ತದೆ. ಆ ಮೂರನೆಯವನನ್ನು ನೀವು ನಂಬದಿದ್ದರೆ ಈ ಎರಡೂ ನಿಮಗೆ ಹಳೆಯ ಕಾಗದಗಳೇ. ಅಲ್ಲಿಗೆ ನನ್ನ ಪಾಂಡಿತ್ಯ ಕೆಲಸಕ್ಕೆ ಬರುವುದಿಲ್ಲ, ಒಪ್ಪುತ್ತೇನೆ.

ನೀವೇ ಪರೀಕ್ಷೆ ಮಾಡಬೇಕು ಅಂದರೆ ಕಾಂಕಾರ್ಡ್ ಸೂತ್ರದಿಂದ ಶುರು ಮಾಡಬೇಡಿ, ಬೇಸರ ಬಂದುಬಿಡುತ್ತದೆ. ಚಿಕ್ಕ ಪ್ರಶ್ನೋತ್ತರ ಪುಸ್ತಕ ತೆಗೆದುಕೊಳ್ಳಿ. ಲೂಥರ್ 1528ರಲ್ಲಿ ಸ್ಯಾಕ್ಸನಿಯ ಹಳ್ಳಿಗಳ ಸಭೆಗಳನ್ನು ನೋಡಿಬಂದ. ಕರ್ತನ ಪ್ರಾರ್ಥನೆಯೂ ಬಾರದ ಜನ, ಕಲಿಸಲು ಬಾರದ ಪಾದ್ರಿಗಳು. ಆ ದುಃಖದಲ್ಲೇ ಮರುವರ್ಷ ಇದನ್ನು ಬರೆದ. ಮೊದಲು ಗೋಡೆಗೆ ಅಂಟಿಸುವ ಹಾಳೆಗಳಾಗಿ ಹೊರಬಂತು. ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ, ಪ್ರಾರ್ಥನೆ, ಪ್ರತಿ ತುಂಡಿನ ಕೆಳಗೆ ಮಗು ಕೇಳುವ ಹಾಗೆ "ಇದೇನು?" ಎಂಬ ಪ್ರಶ್ನೆ, ಕೆಳಗೆ ಉತ್ತರ. ವಿಶ್ವಾಸ ಪ್ರಮಾಣದ ಎರಡನೇ ಭಾಗಕ್ಕೆ ಬಂದಾಗ ನಿಧಾನಿಸಿ. ಕ್ರಿಸ್ತನು ನನ್ನನ್ನು ಬೆಳ್ಳಿ ಬಂಗಾರ ಕೊಟ್ಟು ಬಿಡಿಸಲಿಲ್ಲ, ತನ್ನ ರಕ್ತ ಕೊಟ್ಟು ಬಿಡಿಸಿದ ಎನ್ನುವ ಉತ್ತರ ಅಲ್ಲಿದೆ. ಅದರ ಪಕ್ಕದಲ್ಲಿ ಪೇತ್ರನ ಮೊದಲ ಪತ್ರದ 1ನೇ ಅಧ್ಯಾಯ, 18 ಮತ್ತು 19ನೇ ವಚನ ತೆರೆದಿಡಿ. ತಾಳೆ ನೋಡುವ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ. ಲೂಥರನೂ ಮುಗಿಸಿರಲಿಲ್ಲ; ನಾನು ಡಾಕ್ಟರ್ ಆದರೂ ಪ್ರಶ್ನೋತ್ತರ ಕಲಿಯುವ ಮಗುವಿನ ಹಾಗೆ ದಿನಾ ಬೆಳಿಗ್ಗೆ ಇದನ್ನು ಪದ ಪದವಾಗಿ ಹೇಳಿಕೊಳ್ಳುತ್ತೇನೆ ಎಂದು ದೊಡ್ಡ ಪ್ರಶ್ನೋತ್ತರ ಪುಸ್ತಕದ ಮುನ್ನುಡಿಯಲ್ಲಿ ಬರೆದಿದ್ದಾನೆ.